ಯಜಮಾನರ ಖಾತೆಯಲ್ಲಿ

ಉಪ್ಪಿನ ಡಬ್ಬಿ ಇದ್ದ ಜಾಗದಲ್ಲಿ ಸಕ್ಕರೆ ಡಬ್ಬಿ ಕೂತ ದಿನವೇ ಟೈಪಿಂಗ್ ಟೀಚರ್ ತೀರ್ಮಾನಿಸಿಬಿಟ್ಟರು: ಬೀಗಿತ್ತಿಯನ್ನು ಈ ಮನೆಯಿಂದ ಸಾಗಹಾಕಲೇಬೇಕು. ನಾಲ್ಕು ದಿನ ಇದ್ದು ಹೋಗುತ್ತೇನೆಂದು ಬಂದ ಸೊಸೆಯ ತಾಯಿ ಈಗ ಅಡುಗೆಮನೆಯಲ್ಲೇ ಬೇರು ಬಿಟ್ಟಿದ್ದರು. "ನೀವು ಕೂತ್ಕೊಳ್ಳಿ, ನಾನು ನೋಡ್ಕೋತೀನಿ" ಎಂದು ಟೀಚರ ಕೈಯಿಂದ ಸೌಟು ಕಿತ್ತುಕೊಳ್ಳುತ್ತಿದ್ದರು. ಅದನ್ನಾದರೂ ಸಹಿಸಬಹುದಿತ್ತು. ಆದರೆ ಯಜಮಾನರು ಮದುವೆಯಾದಾಗಿನಿಂದ ಹೇಳುತ್ತ ಬಂದ ಹಳಸಲು ಜೋಕುಗಳಿಗೆ ಆಕೆ ಹೊಟ್ಟೆ ಹಿಡಿದುಕೊಂಡು ನಗುವುದೆಂದರೇನು! ಯಜಮಾನರ ಕಾಲು ನೆಲದ ಮೇಲೇ ಇರಲಿಲ್ಲ. ಟೀಚರಿಗೆ ಮೈಯೆಲ್ಲ ಉರಿಯುತ್ತಿತ್ತು.

ದಾರಿ ತೋರಿಸಿದವಳು ಮೊಮ್ಮಗಳು. ಮನೆಗೆಲ್ಲ ಇದ್ದದ್ದು ಒಂದೇ ಕಂಪ್ಯೂಟರ್. ಒಬ್ಬರು ಇಟ್ಟದ್ದನ್ನು ಇನ್ನೊಬ್ಬರು ಅಳಿಸಿ ದಿನಾ ರಾದ್ಧಾಂತ. ರೋಸಿಹೋದ ಹುಡುಗಿ ಒಬ್ಬೊಬ್ಬರಿಗೂ ಬೇರೆ ಬೇರೆ ಖಾತೆ ತೆರೆದು, ಗುಟ್ಟಾಗಿ ಪಾಸ್‌ವರ್ಡ್ ಹಾಕಿಸಿದಳು. ಅಜ್ಜಿಯ ಹೆಸರಿನ ಪಕ್ಕ ಗುಲಾಬಿಯ ಚಿತ್ರ, ತಾತನ ಪಕ್ಕ ಹಡಗು.

"ಇನ್ಮೇಲೆ ಯಾರ ಖಾತೆಯಿಂದ ಏನಾದ್ರೂ ಅದು ಅವರ ತಲೆ ಮೇಲೇ. ನಾನಲ್ಲ ಅಂತ ಯಾರೂ ಜಾರಿಕೊಳ್ಳೋ ಹಾಗಿಲ್ಲ. ತಿಳೀತಾ ಅಜ್ಜಿ?"

ಅಜ್ಜಿಗೆ ಬೇಕಾದ್ದಕ್ಕಿಂತ ಚೆನ್ನಾಗಿಯೇ ತಿಳಿಯಿತು.

ಯಜಮಾನರ ಖಾತೆಯಿಂದ ಬೀಗಿತ್ತಿಯ ಮಗನಿಗೆ ಒಂದು ಮೇಲ್ ಹೋಗಬೇಕು. ನಿಮ್ಮ ತಾಯಿಯನ್ನು ಕೂಡಲೇ ಕರೆಸಿಕೊಳ್ಳಿ ಎಂದು ಅದರಲ್ಲಿರಬೇಕು. ಮಗ ಗಾಬರಿಯಾಗಿ ಫೋನ್ ಮಾಡುತ್ತಾನೆ, ತಾಯಿ ಮುಖ ಊದಿಸಿಕೊಂಡು ಗಂಟುಮೂಟೆ ಕಟ್ಟುತ್ತಾರೆ, ಯಜಮಾನರು ನಾನಲ್ಲವೇ ಅಲ್ಲ ಎಂದು ಬಾಯಿ ಬಡಿದುಕೊಳ್ಳುತ್ತಾರೆ. ಯಾರು ನಂಬುತ್ತಾರೆ? ಪಾಸ್‌ವರ್ಡ್ ಅವರದೇ. ಅದು ಅವರು ಚಿಕ್ಕಂದಿನಲ್ಲಿ ಸಾಕಿದ್ದ ನಾಯಿಯ ಹೆಸರು. ಆ ನಾಯಿ ಸತ್ತು ಯಾವ ಕಾಲವಾಯಿತೋ, ಯಜಮಾನರ ಬ್ಯಾಂಕು, ಫೋನು ಎಲ್ಲವನ್ನೂ ಇಂದಿಗೂ ಅದೇ ಕಾಯುತ್ತಿತ್ತು.

ಪಾಪ, ಒಂದು ಇರುವೆಯನ್ನೂ ನೋಯಿಸದ ಮನುಷ್ಯ ಎಂದು ಟೀಚರಿಗೆ ಒಂದು ಗಳಿಗೆ ಅನ್ನಿಸದೆ ಇರಲಿಲ್ಲ. ಅಷ್ಟರಲ್ಲಿ ಹಿಂದಿನ ದಿನದ ಜೋಕು, ಅದರ ಹಿಂದೆಯೇ ಆ ನಗು ನೆನಪಾಯಿತು. ಅನುಭವಿಸಲಿ ಎಂದುಕೊಂಡರು.

ಮಧ್ಯಾಹ್ನ ಊಟ ಮುಗಿಸಿ ಎಲ್ಲರೂ ಅವರವರ ಕೋಣೆ ಸೇರಿದರು. ಬೀಗಿತ್ತಿ ಮಲಗಿದ ಮೇಲೂ ಮಗಳೊಂದಿಗೆ ವಟವಟ ಎನ್ನುತ್ತಲೇ ಇದ್ದರು. ಆ ದನಿ ಕೇಳುತ್ತ ಒಳ್ಳೆಯ ವಾಕ್ಯ ಬರೆಯುವುದು ಸಾಧ್ಯವೇ? ಕಂಪ್ಯೂಟರ್ ಮುಂದೆ ಕೂತ ಟೀಚರ್ ಕಿವಿಯ ಮೆಷಿನ್ ತೆಗೆದು ಕನ್ನಡಕದ ಡಬ್ಬಿಗೆ ಹಾಕಿದರು. ಜಗತ್ತು ಹಾಯಾಗಿ ಸುಮ್ಮನಾಯಿತು. ಹಡಗನ್ನು ಒತ್ತಿದರು, ನಾಯಿಯನ್ನು ಕರೆದರು, ಖಾತೆಯ ಬಾಗಿಲು ತೆರೆಯಿತು. ಕೀಲಿಮಣೆಯತ್ತ ಕಣ್ಣು ಕೂಡ ಹಾಯಿಸದೆ ಬೆರಳುಗಳು ಓಡಿದವು. ಯಜಮಾನರ ವಾಡಿಕೆಯಂತೆ ಮೊದಲು ಹವಾಮಾನ, ಆಮೇಲೆ ಕ್ಷೇಮಸಮಾಚಾರ, ಸಾಲಿಗೊಂದು "ದಯವಿಟ್ಟು". ಎಂಥ ಪತ್ತೇದಾರನೂ ಇದು ಯಜಮಾನರ ಪತ್ರವೆಂದೇ ಹೇಳಬೇಕು. ಕಳಿಸಿಯಾಯಿತು. ಕಳಿಸಿದ್ದನ್ನು ಮತ್ತೊಮ್ಮೆ ತೆರೆದು, ತಮ್ಮ ಕೈಚಳಕಕ್ಕೆ ತಾವೇ ತಲೆದೂಗುತ್ತ ಓದಿದರು.

ತಿರುಗಿ ನೋಡಿದರೆ ಬಾಗಿಲ ತುಂಬ ಮನೆಮಂದಿ. ಸೊಸೆ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು, ಬೀಗಿತ್ತಿಯ ಮುಖ ಕೆಂಪಾಗಿತ್ತು, ಯಜಮಾನರು ಕಣ್ಣು ಕಿರಿದು ಮಾಡಿಕೊಂಡು ಪಿಳಿಪಿಳಿ ನೋಡುತ್ತಿದ್ದರು. ಮೊಮ್ಮಗಳು ಸುಮ್ಮನೆ ತನ್ನ ಕಿವಿ ಮುಟ್ಟಿ ತೋರಿಸಿದಳು. ಟೀಚರ್ ಮೆಷಿನ್ ಕಿವಿಗಿಟ್ಟುಕೊಂಡರು. ತಾತನಿಗೆ ಪರದೆಯ ಅಕ್ಷರಗಳು ಮಂಜುಮಂಜಾಗಿ ಕಾಣುತ್ತವೆಂದು ಹುಡುಗಿ ಹಡಗಿನ ಖಾತೆಗೆ ಮಾತ್ರ ಒಂದು ಏರ್ಪಾಡು ಮಾಡಿದ್ದಳು. ಟೈಪ್ ಮಾಡಿದ್ದು, ತೆರೆದದ್ದು, ಎಲ್ಲವನ್ನೂ ಕಂಪ್ಯೂಟರ್ ತಾನೇ ಗಟ್ಟಿಯಾಗಿ ಓದಿ ಹೇಳುತ್ತಿತ್ತು. ವಾರ್ತೆ ಓದುವವರಂತೆ ಸ್ಪಷ್ಟವಾಗಿ ಅದು ಕೊನೆಯ ಸಾಲಿಗೆ ಬಂದಿತ್ತು: "ವಿಶೇಷ ಸೂಚನೆ. ನನ್ನ ಹೆಂಡತಿ ಬಂಗಾರದಂಥವಳು. ದಯವಿಟ್ಟು ನಂಬಿ, ಈ ಪತ್ರದ ವಿಷಯ ಅವಳಿಗೆ ಏನೇನೂ ಗೊತ್ತಿಲ್ಲ."