ದಪ್ಪ ಪುಸ್ತಕದವನು, ತೆಳು ಪುಸ್ತಕದವಳು

"ನಿಮ್ಮ ಮದ್ದು ಒದ್ದೆಯಾಗಿದೆ, ಮೇಡಂ!"

ಅವನು ಅವಳಿಗೆ ಹೇಳಿದ ಮೊಟ್ಟಮೊದಲ ಮಾತು ಇದು. ನಮಸ್ಕಾರ ಇಲ್ಲ, ಪರಿಚಯ ಇಲ್ಲ, ನಗುವಂತೂ ಇಲ್ಲವೇ ಇಲ್ಲ!

ಅವಳು ದಾಳಗಳನ್ನು ಕೈಯಲ್ಲೇ ಹಿಡಿದು ತಲೆ ಎತ್ತಿದಳು. ಎದುರಿಗೆ ಎತ್ತರದ ಮನುಷ್ಯ. ಇಸ್ತ್ರಿ ಮಾಡಿದ ಅಂಗಿ. ಕಂಕುಳಲ್ಲಿ ಇಟ್ಟಿಗೆಯಷ್ಟು ದಪ್ಪದ ಪುಸ್ತಕ.

"ಏನಂದ್ರಿ?"

"ನಿಮ್ಮ ಕಡಲ್ಗಳ್ಳರು ಈಗ ತಾನೆ ಎದೆಮಟ್ಟದ ನೀರಲ್ಲಿ ನಡ್ಕೊಂಡು ದಡಕ್ಕೆ ಬಂದಿದ್ದಾರೆ. ಬಂದೂಕಿನ ಮದ್ದು ಒಣಗಿರೋಕೆ ಹೇಗೆ ಸಾಧ್ಯ? ನೀವು ಗುಂಡು ಹಾರಿಸೋ ಹಾಗಿಲ್ಲ."

"ರೀ, ಅದು ನೀರಲ್ಲ. ನಮ್ಮಕ್ಕನ ಹಳೇ ನೀಲಿ ಪರದೆ!"

ಸುತ್ತ ನಿಂತವರು ಗೊಳ್ಳೆಂದು ನಕ್ಕರು. ಅವನು ಮಾತ್ರ ನಗಲಿಲ್ಲ. ಪರದೆಯ ಮೇಲೆ ನಿಂತಿದ್ದ ಹೆಬ್ಬೆರಳಿನಷ್ಟು ಎತ್ತರದ ಅವಳ ಕಡಲ್ಗಳ್ಳರನ್ನು, ಪಾಪ, ಇವರಿಗೆ ನೆಗಡಿಯಾದರೆ ಏನು ಗತಿ ಎಂಬಂತೆ ಬಗ್ಗಿ ನೋಡಿದ.

'ಎಂಥಾ ಆಸಾಮಿ ಇವನು...' ಅಂದುಕೊಂಡಳು. ಅಷ್ಟಾದರೂ ಆ ಸರದಿಯಲ್ಲಿ ಅವಳು ಗುಂಡು ಹಾರಿಸಲಿಲ್ಲ. ಯಾಕೆ ಅಂತ ಅವಳಿಗೇ ಗೊತ್ತಾಗಲಿಲ್ಲ!

ಸೈಕಲ್ ಅಂಗಡಿಯ ಮಹಡಿಯ ಮೇಲೆ ಒಂದು ಉದ್ದನೆಯ ಕೋಣೆ, ಅದರಲ್ಲಿ ಒಂದೇ ಒಂದು ದೊಡ್ಡ ಮೇಜು. ಪುಟ್ಟ ಸೈನಿಕರನ್ನು ಮೇಜಿನ ಮೇಲೆ ಸಾಲು ನಿಲ್ಲಿಸಿ, ದಾಳ ಉರುಳಿಸಿ, ಹಳೆಯ ಕಾಲದ ಯುದ್ಧಗಳನ್ನು ಆಡುವ ಹುಚ್ಚರ ಸಂಘ ಅದು. ಸಂಘದ ಹಿರಿಯರು ನಿವೃತ್ತ ಭೂಗೋಳದ ಮೇಷ್ಟ್ರು.

ಕಡಲ್ಗಳ್ಳರ ಹಡಗು ಕಾಳಗಕ್ಕೆ ಅವರಲ್ಲಿ ಎಲ್ಲರೂ ಒಪ್ಪಿದ ನಿಯಮಗಳಿದ್ದವು. ಆದರೆ ಸದಾ ಹಡಗಿನಲ್ಲೇ ಕೂತರೆ ಅವರೆಂಥ ಕಡಲ್ಗಳ್ಳರು? ದಡಕ್ಕಿಳಿಯಬೇಕು, ಕೋಟೆಗೆ ನುಗ್ಗಬೇಕು, ಪಟ್ಟಣ ದೋಚಬೇಕು! ಆ ನೆಲದ ಯುದ್ಧಕ್ಕೆ ಯಾವ ನಿಯಮ ಪುಸ್ತಕ ಅನ್ನುವುದೇ ಸಂಘದ ತಲೆನೋವಾಗಿತ್ತು.

ಕಣದಲ್ಲಿ ಉಳಿದದ್ದು ಎರಡು. ತೆಳು ಪುಸ್ತಕವನ್ನು ಕಾಫಿ ಆರುವುದರೊಳಗೆ ಓದಿ ಮುಗಿಸಬಹುದು. ಇಸ್ಪೀಟಿನ ಎಲೆ ಎಳಿ, ಅದರಲ್ಲಿ ಬಂದ ದಳವನ್ನು ನಡೆಸು, ದಾಳ ಹಾಕು, ಸತ್ತವರನ್ನು ಎತ್ತಿಡು... ಅಷ್ಟೇ. ದಪ್ಪ ಪುಸ್ತಕದಲ್ಲೋ, ಒದ್ದೆ ಮದ್ದಿಗೆ ಬೇರೆ ನಿಯಮ, ಜೌಗಿನಲ್ಲಿ ಹೂತ ಕಾಲಿಗೆ ಬೇರೆ ನಿಯಮ. ದೋಚಿದ ಪಟ್ಟಣದಲ್ಲಿ ಪೀಪಾಯಿ ಒಡೆದು ಕುಡಿದ ನಾವಿಕರಿಗಂತೂ ಒಂದು ಇಡೀ ಅಧ್ಯಾಯ!

ಅವಳು ತೆಳು ಪುಸ್ತಕದ ಕಡೆ. ಕೃತಕ ಹಲ್ಲು ತಯಾರಿಸುವುದು ಅವಳ ಕಸುಬು. ಹಗಲೆಲ್ಲಾ ಹಲ್ಲಿಗೆ ಬಣ್ಣ ಹೊಂದಿಸಿ, ಸಂಜೆ ಅಂಥದೇ ಸಣ್ಣ ಕುಂಚದಿಂದ ಕಡಲ್ಗಳ್ಳರ ಮುಖ ಬರೆಯುತ್ತಿದ್ದಳು. ಹೀಗಾಗಿ ಅವಳ ಕಡಲ್ಗಳ್ಳರಷ್ಟು ಚೆಂದದ ಹಲ್ಲು ಯಾವ ಕಡಲಿನ ಕಳ್ಳರಿಗೂ ಇರಲಿಲ್ಲ.

ಅವನು ಲಿಫ್ಟ್ ತಪಾಸಣೆ ಮಾಡುವವನು. ಪ್ರತಿ ಬೋಲ್ಟು ಮುಟ್ಟಿ ನೋಡದೆ ಸಹಿ ಹಾಕಿದವನಲ್ಲ. ಸೇರಿದ ದಿನವೇ ಸಂಘದವರು ಅವನಿಗೆ 'ಅಡಿಟಿಪ್ಪಣಿ' ಎಂದು ಹೆಸರಿಟ್ಟರು.

ಎರಡೂ ಪುಸ್ತಕಗಳನ್ನು ಪರೀಕ್ಷಿಸಲು ಮೇಷ್ಟ್ರು ಇವರಿಬ್ಬರನ್ನೇ ಎದುರುಬದುರು ಕೂರಿಸಿದರು. ವಾರವಾರವೂ ಜಗಳ!

"ಕಡಲ್ಗಳ್ಳರಿಗೆ ಇಷ್ಟು ಒಳ್ಳೆ ಹಲ್ಲು ಇರಲ್ಲ ಮೇಡಂ."

"ನನ್ನ ಕಡಲ್ಗಳ್ಳರು ದಿನಾ ಹಲ್ಲುಜ್ತಾರೆ. ನೀವು ದಾಳ ಹಾಕಿ!"

ಆಟ ಮುಗಿದ ಮೇಲೆ ಇಬ್ಬರೂ ಒಂದೇ ಬಸ್ ನಿಲ್ದಾಣಕ್ಕೆ ನಡೆಯುತ್ತಿದ್ದರು. ಅಲ್ಲೂ ಜೌಗಿನ ನಿಯಮದ ಪಾಠ. ಒಂದು ಸಲ ಅವಳು ಬಸ್ಸನ್ನೇ ಬಿಟ್ಟಳು. ನಿಯಮ ಅರ್ಥವಾಗಲಿಲ್ಲ, ಅದಕ್ಕೇ ನಿಂತೆ ಎಂದು ತನಗೆ ತಾನೇ ಸಮಜಾಯಿಷಿ ಹೇಳಿಕೊಂಡಳು. ಓದುಗರೇ, ಇದನ್ನು ನೀವೂ ನಂಬಬೇಡಿ, ನಾನೂ ನಂಬಿಲ್ಲ.

ಹಿಂದೆ ಒಬ್ಬನಿದ್ದ. ಮದುವೆಯ ಮಾತಿನವರೆಗೂ ಬಂದಿದ್ದವನು. ಅವಳು ಸೈನಿಕರನ್ನು ಜೋಡಿಸಿಟ್ಟಿದ್ದ ಗಾಜಿನ ಬೀರು ನೋಡಿ, "ಈ ವಯಸ್ಸಲ್ಲಿ ಗೊಂಬೆ ಆಟಾನಾ?" ಎಂದು ನಕ್ಕಿದ್ದ. ಆ ನಗು ಇನ್ನೂ ಎದೆಯಲ್ಲಿ ಮುಳ್ಳಿನಂತೆ ಚುಚ್ಚುತ್ತಿತ್ತು.

'ಇವನು ನಗಲ್ಲ... ನನ್ನ ಜನಕ್ಕೆ ನೀರು ತಾಗಿತು ಅಂತ ಚಿಂತೆ ಮಾಡ್ತಾನೆ!' ಹೀಗೆ ಅನ್ನಿಸಿದ ದಿನ ಅವಳು ಮೊದಲ ಬಾರಿಗೆ ಹೆದರಿದಳು. ಪ್ರೀತಿ ಅಂದರೆ ಇದೇನಾ?

ಅಷ್ಟರಲ್ಲಿ ಎಡವಟ್ಟಾಯಿತು. ಕೊನೆಯ ಪರೀಕ್ಷೆಯಲ್ಲಿ, ತೆಳು ಪುಸ್ತಕದ ಆಟದಲ್ಲಿ, ಅವಳು ಅವನ ಕೋಟೆಯನ್ನು ಸಲೀಸಾಗಿ ಹಿಡಿದಳು.

"ಈ ಪುಸ್ತಕದಲ್ಲಿ ಯಾರು ಬೇಕಾದ್ರೂ ಗೆಲ್ಲಬಹುದು," ಅಂದ ಅವನು.

ಅವಳ ಮುಖ ಸಣ್ಣದಾಯಿತು. "ನಿಮ್ಮ ಪುಸ್ತಕದಲ್ಲಿ ಗೆಲ್ಲೋ ಹೊತ್ತಿಗೆ ಮುದುಕರಾಗಿರ್ತೀವಿ!"

ಅವಳ ಪರ ನಾಲ್ಕು ಜನ ಕೂಗಿದರು, ಅವನ ಪರ ನಾಲ್ಕು ಜನ. ಕೋಣೆ ಸಂತೆಯಾಯಿತು. ಮೇಷ್ಟ್ರು ಮೇಜು ಕುಟ್ಟಿದರು.

"ಸಾಕು! ಶನಿವಾರ ದಪ್ಪ ಪುಸ್ತಕ, ಭಾನುವಾರ ತೆಳು ಪುಸ್ತಕ. ಇರೋದೊಂದೇ ಮೇಜು, ಒಬ್ಬರಿಗೆ ಒಂದೇ ದಿನ. ಕೈ ಎತ್ತಿಸಿದ್ರೆ ಮತ್ತೆ ಜಗಳ ಆಡ್ತೀರಿ. ಒಬ್ಬೊಬ್ಬರೇ ಬಂದು ನನ್ನ ಕಿವೀಲಿ ಹೇಳಿ. ನಾನು ಯಾರಿಗೂ ಬಾಯಿ ಬಿಡಲ್ಲ."

ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಅವನು ಶನಿವಾರ, ತಾನು ಭಾನುವಾರ... ಅಲ್ಲಿಗೆ ಮುಗಿಯಿತು! ಬಸ್ ನಿಲ್ದಾಣವೂ ಇಲ್ಲ, ಜೌಗೂ ಇಲ್ಲ.

ಸಾಲಿನಲ್ಲಿ ಅವನು ಸರಿಯಾಗಿ ಅವಳ ಹಿಂದೆಯೇ ನಿಂತಿದ್ದ. ಅವಳು ಮೇಷ್ಟ್ರ ಕಿವಿಗೆ ಬಾಗಿ ಪಿಸುಗುಟ್ಟಿದಳು. "ಶನಿವಾರ."

ಮೇಷ್ಟ್ರಿಗೆ ಕೆಮ್ಮು ಬಂತು. ಮುಂದಿನ ಸರದಿ ಅವನದು. ಅವನ ಮಾತು ಕೇಳಿ ಮೇಷ್ಟ್ರು ಇನ್ನೂ ಜೋರಾಗಿ ಕೆಮ್ಮಿದರು.

ವಾರವಿಡೀ ಅವಳು ದಪ್ಪ ಪುಸ್ತಕ ಹಿಡಿದು ಕೂತಳು. ಕುಡಿದ ನಾವಿಕರ ಅಧ್ಯಾಯ ಬಾಯಿಪಾಠವಾಯಿತು. ಅವನು ಬೆರಗಾಗುವುದನ್ನು ನೆನೆದು ಒಬ್ಬಳೇ ನಕ್ಕಳು.

ಶನಿವಾರ ಹೊಸ ಅಂಗಿ ತೊಟ್ಟು ಮಹಡಿ ಹತ್ತಿದಳು. ಅವನಿರಲಿಲ್ಲ!

ಎದುರಿಗೆ ಕೂತವರು ಔಷಧಿ ಅಂಗಡಿಯವರು. ಮಾತ್ರೆ ಎಣಿಸಿದಂತೆ ನಿಧಾನವಾಗಿ ಸೈನಿಕರನ್ನು ಎಣಿಸುವವರು. ಅವಳ ಸೈನ್ಯ ಇಡೀ ಮಧ್ಯಾಹ್ನ ಜೌಗಿನಲ್ಲೇ ಹೂತು ಕೂತಿತು.

"ಮೇಷ್ಟ್ರೇ... ಅವರು?"

"ಯಾವ ಅವರು?"

"ಅದೇ... ಅಡಿಟಿಪ್ಪಣಿ."

"ಅವನಾ? ಭಾನುವಾರದವನು," ಎಂದು ಮೇಷ್ಟ್ರು ಸೂರು ನೋಡಿದರು.

ಭಾನುವಾರ! ಆ ದಪ್ಪ ಪುಸ್ತಕವನ್ನು ತಲೆದಿಂಬಾಗಿ ಇಟ್ಟುಕೊಳ್ಳುವವನು ಭಾನುವಾರ! ಅವಳಿಗೆ ಕಾಣಿಸಿದ ಕಾರಣ ಒಂದೇ.

ಮನೆಗೆ ಬಂದವಳೇ ಅಕ್ಕನ ಮುಂದೆ ಕಣ್ಣೀರಿಟ್ಟಳು. "ನಾನು ಪಿಸುಗುಟ್ಟಿದ್ರೂ ಬೀದಿಗೆಲ್ಲಾ ಕೇಳ್ಸುತ್ತೆ ಅಂತ ನೀನೇ ಹೇಳ್ತಿರ್ತೀಯಲ್ಲಕ್ಕ... ಅವ್ರು ಹಿಂದೆನೇ ಇದ್ರು. ನಾನು ಶನಿವಾರ ಅಂದಿದ್ದು ಕೇಳಿಸ್ಕೊಂಡು ನನ್ನಿಂದ ತಪ್ಪಿಸಿಕೊಂಡು ಓಡಿದ್ದಾರೆ!"

"ಅಷ್ಟು ಅನುಮಾನ ಇದ್ರೆ ಹೋಗಿ ಅವನನ್ನೇ ಕೇಳೇ. ಸುಮ್ನೆ ನನ್ನ ತಲೆ ತಿನ್ಬೇಡ," ಅಂದಳು ಅಕ್ಕ, ಕರವಸ್ತ್ರ ಕೊಡುತ್ತಾ.

ಭಾನುವಾರ ಅವಳು ಮೆಟ್ಟಿಲು ಹತ್ತುವಾಗಲೇ ಅವನ ದನಿ ಕೇಳಿಸಿತು.

"ಇವರೆಲ್ಲ ಕಾಡು ದಾಟಿ ಬಂದವರು. ಸುಸ್ತಾಗಿರ್ತಾರೆ. ಅದಕ್ಕೇನಾದ್ರೂ ನಿಯಮ...?"

"ಅಂಥದ್ದೇನಿಲ್ಲ ಸಾರ್," ಅಂದಳು ಅವನೆದುರು ಆಡುತ್ತಿದ್ದ ಬೇಕರಿಯವಳು. "ನುಗ್ಗಿಸಿ, ಯಾರು ಬೇಡ ಅಂದ್ರು?"

ಅವನು ಇಂಗು ತಿಂದ ಮಂಗನಂತೆ ಕೂತಿದ್ದ. ಬಾಗಿಲ ಕಡೆ ತಿರುಗಿದವನು ಅವಳನ್ನು ಕಂಡು ಧಡಕ್ಕನೆ ಎದ್ದ. ಅರ್ಧ ಸೈನ್ಯ ನೆಲಕ್ಕುರುಳಿತು.

"ನೀವು... ಬಂದ್ರಾ?"

"ಯಾಕೆ, ಇಲ್ಲಿಂದಾನೂ ಓಡ್ತೀರಾ?" ಅವಳು ಬಾಗಿಲಲ್ಲೇ ನಿಂತು ಕೇಳಿದಳು. "ನನ್ನ ಮುಖ ನೋಡೋಕೆ ಇಷ್ಟ ಇಲ್ಲ ಅಂದ್ರೆ ನೇರವಾಗಿ ಹೇಳ್ಬೇಕಿತ್ತು! ಶನಿವಾರ ಅಂತ ನಾನು ಹೇಳಿದ್ದು ಕೇಳಿಸ್ಕೊಂಡು..."

"ಶನಿವಾರಾನಾ?" ಅವನ ಕಣ್ಣುಗಳು ಅಗಲವಾದವು. "ಕೆಳಗೆ ಟ್ಯೂಬಿಗೆ ಗಾಳಿ ಹೊಡೀತಿದ್ರು, ನನಗೇನೂ ಕೇಳಿಸ್ಲಿಲ್ಲ! ತೆಳು ಪುಸ್ತಕ ನಿಮ್ಮದು, ನೀವು ಇಲ್ಲೇ ಇರ್ತೀರಿ ಅಂತ... ನಾನು ಭಾನುವಾರ ಅಂದೆ."



"ಅಬ್ಬಾ!" ಮೇಷ್ಟ್ರು ನಿಟ್ಟುಸಿರು ಬಿಟ್ಟರು. "ಇದನ್ನ ಹೊಟ್ಟೇಲಿ ಇಟ್ಕೊಂಡು ವಾರದಿಂದ ಊಟ ಸೇರಿಲ್ಲ ನನಗೆ!"

ಬೇಕರಿಯವಳು ಮೆಲ್ಲಗೆ ಮೇಷ್ಟ್ರ ತೋಳು ಹಿಡಿದು, ಉಳಿದವರಿಗೂ ಕಣ್ಸನ್ನೆ ಮಾಡಿ, ಎಲ್ಲರನ್ನೂ ಕಿಟಕಿಯ ಹತ್ತಿರ ಎಳೆದೊಯ್ದಳು. ಅಲ್ಲಿಂದಲೂ ಎಲ್ಲರ ಕಿವಿ ಇತ್ತಲೇ ಇತ್ತು, ಅದು ಬೇರೆ ಮಾತು.

"ಹಾಗಾದ್ರೆ ಅವತ್ತು... ಯಾರು ಬೇಕಾದ್ರೂ ಗೆಲ್ಲಬಹುದು ಅಂದಿದ್ದು?" ಅವಳು ಕೇಳಿದಳು.

ಅವನು ತಲೆ ತಗ್ಗಿಸಿದ. "ನಿಮ್ಮನ್ನ ಅಂದಿದ್ದಲ್ಲ... ಹೊಟ್ಟೆಕಿಚ್ಚು. ಆ ಪುಸ್ತಕದ ಮೇಲೆ."

"ಪುಸ್ತಕದ ಮೇಲೆ ಹೊಟ್ಟೆಕಿಚ್ಚಾ?!"

"ತೆಳು ಪುಸ್ತಕದ ಆಟ ಬೇಗ ಮುಗಿದು ಹೋಗುತ್ತೆ. ಮುಗಿದ ತಕ್ಷಣ ನೀವು ಎದ್ದು ಹೊರಡ್ತೀರಿ. ನನಗೆ ಮಾತಾಡೋಕೆ ಬರಲ್ಲ... ಪುಸ್ತಕ ದಪ್ಪ ಇದ್ರೆ ಕೇಳೋಕೆ, ವಾದ ಮಾಡೋಕೆ ಏನಾದ್ರೂ ಸಿಗ್ತಿತ್ತು. ನೀವು ಇನ್ನೂ ಸ್ವಲ್ಪ ಹೊತ್ತು ಎದುರಿಗೆ ಇರ್ತಿದ್ರಿ. ಅಷ್ಟಕ್ಕೇ... ಅದು ನನಗೆ ಇಷ್ಟ ಆಗಿದ್ದು."

ಅವಳ ಕಣ್ಣು ತುಂಬಿ ಬಂತು. ನಗುವೂ ಬಂತು. ಎರಡರಲ್ಲಿ ಯಾವುದನ್ನು ಮೊದಲು ಒರೆಸಿಕೊಳ್ಳಬೇಕೋ ತಿಳಿಯಲಿಲ್ಲ.

"ಎಲ್ಲರೂ ನನ್ನ ಸೈನಿಕರನ್ನ ಗೊಂಬೆ ಅಂತಾರೆ," ಅಂದಳು. "ಅವರ ಕಷ್ಟ ಕೇಳಿದ್ದು ನೀವೊಬ್ರೇ. ನನಗೆ... ನೀವಂದ್ರೆ ಇಷ್ಟ. ತುಂಬಾ ಇಷ್ಟ!"

ಪಿಸುಗುಟ್ಟಬೇಕೆಂದೇ ಬಾಯಿ ತೆರೆದಿದ್ದಳು. ಕೆಳಗೆ ಸೈಕಲ್ ಅಂಗಡಿಯಲ್ಲಿ ಯಾರೋ ಚಪ್ಪಾಳೆ ತಟ್ಟಿದರು.

ಅವನ ಮುಖ ಕಿವಿಯವರೆಗೂ ಕೆಂಪೇರಿತು. ಬಗ್ಗಿ, ನೆಲಕ್ಕೆ ಬಿದ್ದ ಸೈನಿಕರನ್ನು ಹೆಕ್ಕತೊಡಗಿದ. ಅವಳೂ ಪಕ್ಕದಲ್ಲಿ ಕುಳಿತು ಹೆಕ್ಕಿದಳು. ಮೇಜಿನ ಕೆಳಗೆ, ಯಾರ ಕಣ್ಣಿಗೂ ಬೀಳದ ಹಾಗೆ, ಅವನ ಬೆರಳು ಅವಳ ಬೆರಳನ್ನು ಮುಟ್ಟಿತು. ಇಬ್ಬರೂ ಕೈ ಹಿಂದೆ ತೆಗೆಯಲಿಲ್ಲ.

"ಇನ್ಮೇಲೆ ಯಾವ ದಿನ ಬರೋಣ?" ಅವಳು ಕೇಳಿದಳು. "ಶನಿವಾರಾನಾ, ಭಾನುವಾರಾನಾ?"

ಅವನು ಗಂಭೀರವಾಗಿ ಯೋಚಿಸಿದ.

"ಸೋಮವಾರ ಸಿಗ್ತೀಯಾ?"

'ಸಿಗ್ತೀರಾ' ಅನ್ನಲಿಲ್ಲ ಅವನು!

"ಸೋಮವಾರ ಆಟ ಇಲ್ವಲ್ಲ..."

"ಅದಕ್ಕೇ," ಎಂದು ಅವನು ನಕ್ಕ.

"ಬರ್ತೀನಿ ಕಣೋ," ಅಂದಳು ಅವಳು. ಈ ಸಲ ನಿಜವಾಗಿಯೂ ಪಿಸುಮಾತಿನಲ್ಲಿ.