ಹೆರಿಗೆಯ ಹೊತ್ತಿಗೆ ವಾರ್ಡಿನಲ್ಲಿದ್ದವಳು

ಇದು ತೊಂಬತ್ತೆಂಟರಲ್ಲಿ, ನಮ್ಮ ಎರಡನೇ ಮಗು ಹುಟ್ಟಿದ ದಿನ ನನಗೇ ಆದದ್ದು. ಇವತ್ತಿಗೂ ಅದರ ತಲೆಬುಡ ತಿಳಿದಿಲ್ಲ. ಹೆಂಡತಿ ಶಶಿಕಲಾಳನ್ನು ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದ್ದಾರೆಂದು ಭದ್ರಾವತಿಯ ಕಾರ್ಖಾನೆಗೆ ಫೋನ್ ಬಂತು. ಪಾಳಿ ಬಿಟ್ಟು ಬಸ್ಸು ಹತ್ತಿದೆ.

ಮಧ್ಯಾಹ್ನದ ಸುಡುಬಿಸಿಲು. ವಾರ್ಡಿನ ಕೊನೆಯ ಮಂಚದಲ್ಲಿ ಅವಳು ಗೋಡೆಗೆ ಮುಖ ಮಾಡಿ ಮಲಗಿದ್ದಳು. ಕೈ ಮುಟ್ಟಿದರೆ ಕೆರೆಯಿಂದ ಎತ್ತಿದ ಕಲ್ಲಿನಷ್ಟು ತಣ್ಣಗಿತ್ತು.

"ನೋವು ಹೇಗಿದೆ?" ಅಂದೆ.

"ನಿಂತೋಯ್ತು ಕಣ್ರೀ. ದೊಡ್ಡವಳು ಉಂಡ್ಲಾ? ಬಾಯಾರಿಕೆ, ನೀರು ಕೊಡಿ."

ತಲೆ ಎತ್ತಿ ಹಿಡಿದು ಕುಡಿಸಿದೆ. ಮುಖ ಅವಳದೇ, ದನಿ ಅವಳದೇ. ಲೋಟದ ಮೇಲೆ ಲೋಟ ಬರಿದಾಯಿತು, ಗುಟುಕಿನ ಸದ್ದು ಮಾತ್ರ ಬರಲಿಲ್ಲ. ಚೊಂಬು ಮುಗಿದರೂ ಇನ್ನೂ ಬೇಕೆಂದಳು.

ನಲ್ಲಿಯ ಕಡೆ ಹೊರಟಾಗ ಅತ್ತೆ ಕಲ್ಲಮ್ಮ ಬಾಗಿಲಿಗೆ ಓಡಿ ಬಂದರು. "ಇಲ್ಲೇನು ಮಾಡ್ತಿದೀರಿ ಮಾರಾಯ್ರೆ? ಮೇಲೆ ಹೆರಿಗೆ ಆಯ್ತು, ಗಂಡು ಮಗು! ಬೆಳಗ್ಗಿಂದ ಅವಳು ಲೇಬರ್ ರೂಮಲ್ಲೇ ಇದಾಳೆ."

ತಿರುಗಿ ನೋಡಿದೆ. ಮಂಚ ಖಾಲಿ. ಹಾಸಿದ ಬಟ್ಟೆಯಲ್ಲಿ ಒಂದು ಸುಕ್ಕೂ ಇರಲಿಲ್ಲ.

ಮೇಲೆ ಹೋಗಿ, ಮಗುವಿನ ಪಕ್ಕ ಮಲಗಿದ್ದ ಶಶಿಕಲಾಗೆ ಎಲ್ಲ ಹೇಳಿದೆ. ನಗುತ್ತಾಳೆಂದುಕೊಂಡಿದ್ದೆ. ಅವಳು ನನ್ನನ್ನೇ ದಿಟ್ಟಿಸಿದಳು.

"ತಮಾಷೆ ಮಾಡ್ಬೇಡಿ. ಹೆರಿಗೆ ಆಗೋವರೆಗೂ ನನ್ನ ಕೈ ಹಿಡ್ಕೊಂಡು ಪಕ್ಕದಲ್ಲೇ ಇದ್ರಲ್ಲ. ಒಂದು ಮಾತೂ ಆಡಲಿಲ್ಲ, ಯಾಕೆ?"

ಲೇಬರ್ ರೂಮಿನೊಳಗೆ ಗಂಡಸರನ್ನು ಬಿಡುತ್ತಿರಲಿಲ್ಲ. ಆ ದಿನ ನಾನು ಇನ್ನೂ ಅವಳನ್ನು ಮುಟ್ಟಿಯೇ ಇರಲಿಲ್ಲ. ಆದರೂ ಅವಳ ಮಣಿಕಟ್ಟಿನ ಸುತ್ತ, ನಮ್ಮ ಮಿಷನ್ನುಗಳಿಗೆ ಹಚ್ಚುವಂಥ ಗ್ರೀಸಿನ ಕಪ್ಪು ಬೆರಳಚ್ಚುಗಳಿದ್ದವು.