ಗುರುಲಿಂಗಪ್ಪ ಓಣಿಗೆ ಬಂದ ದಿನ

"ಮುಂದ ಬರಬ್ಯಾಡ! ಬ್ಯಾರೆ ಗಂಡನ್ನ ಮಾಡ್ಕೊಂಡು ಹೋದಾಕಿ, ಈಗ್ಯಾಕ ಬಂದಿ?"

ಬಾಗಿಲು ತೆರೆದ ಸೂಗಮ್ಮ ನಿಂತಲ್ಲೇ ಕಲ್ಲಾದಳು.

ಚಿತ್ತಾಪುರದ ಆ ಮನೆಯ ಹಿತ್ತಲ ಕೋಣೆಯಲ್ಲಿ ಕುಳಿತಿದ್ದವನು ಅವಳ ಗಂಡ ಗುರುಲಿಂಗಪ್ಪ. ಕಿವಿಯಲ್ಲಿ ಇಲ್ಲದ ದನಿಗಳು ಕೇಳತೊಡಗಿ, ತಲೆ ಕೆಟ್ಟಿತೆಂದು ಅವನನ್ನು ಹೈದರಾಬಾದಿನ ಹುಚ್ಚಾಸ್ಪತ್ರೆಗೆ ಸೇರಿಸಿದಾಗ ಅವಳನ್ನು ತವರೂರು ತೆಂಗಳಿಗೆ ಅಟ್ಟಿದ್ದರು. ಅವನು ಮರಳಿ ಬಂದು ವರ್ಷವೇ ಕಳೆದಿತ್ತು. ಅವಳಿಗೆ ತಿಳಿದದ್ದು ನಿನ್ನೆ, ಸಂತೆಯಲ್ಲಿ ಯಾರದೋ ಬಾಯಿಂದ!

"ನಾ ಎಲ್ಲಿಗೂ ಹೋಗಿಲ್ಲರಿ... ಯಾರ ಹೇಳಿದ್ರು ನಿಮಗ?"

"ಅಣ್ಣ."

ಭಾವ ಮಾಣಿಕಪ್ಪ! ಸೂಗಮ್ಮನ ಎದೆ ಉರಿಯಿತು.

ಗಂಡನ ಮೈ ಊದಿಕೊಂಡಿತ್ತು. ಬೀಡಿ ಹೊಗೆಯಲ್ಲಿ ಕೆಮ್ಮುತ್ತಿದ್ದ. ಪಕ್ಕದಲ್ಲಿ ಸಿಂದಿ ಹೆಂಡದ ಗಡಿಗೆ.

"ದಿನಾ ಸಿಂದಿ ಕುಡಸ್ತೀರೇನ್ರಿ ಭಾವಾ?" ಹಿಂದೆ ಬಂದು ನಿಂತ ಮಾಣಿಕಪ್ಪನನ್ನು ಕೇಳಿದಳು.

"ಕುಡದ್ರ ಸುಮ್ಮ ಬಿದ್ದಿರ್ತಾನ," ಎಂದ ಮಾಣಿಕಪ್ಪ, ಅವಳ ಮುಖ ನೋಡದೆ. "ಮಗಳ ಲಗ್ನ ನಿಶ್ಚಯ ಆಗ್ಯಾದ. ಬೀಗರ ಕಣ್ಣಿಗಿ ಇವ ಬೀಳಬಾರ್ದು."

ಅವಳು ಹಿಂದಿರುಗಲಿಲ್ಲ. ಅದೇ ಕೋಣೆಯಲ್ಲಿ ಚಾಪೆ ಹಾಸಿದಳು.

ಹೇಗಾದರೂ ಮಾಡಿ ಇವರ ಮೈ ಸುಧಾರಿಸಬೇಕು... ಅದೊಂದೇ ಹಟ! "ಏಳ್ರಿ. ಜಳಕ ಮಾಡ್ರಿ. ಬೀಡಿ ಒಗೀರಿ. ಇದನ್ನ ಉಣ್ರಿ, ಅದನ್ನ ಮುಟ್ಟಬ್ಯಾಡ್ರಿ."

ಒಂದು ದಿನ ತಾಟು ಗೋಡೆಗೆ ಬಡಿಯಿತು!

"ದವಾಖಾನ್ಯಾಗೂ ಹಿಂಗೇ ಹುಕುಂ ಮಾಡ್ತಿದ್ರು! ನೀ ನನ್ನ ಹೆಣ್ತಿನೋ, ಕಾವಲದಾಕಿನೋ?"

ಚೆಲ್ಲಿದ ನುಚ್ಚು ಬಳಿಯುತ್ತ ಸೂಗಮ್ಮ ಅತ್ತಳು. 'ಇವರನ್ನ ಒಂದು ಮಾತೂ ಕೇಳಲಿಲ್ಲವಲ್ಲ ನಾನು...'

ಕಣ್ಣೊರೆಸಿಕೊಂಡು ಮೆಲ್ಲಗೆ ಕೇಳಿದಳು, "ನಿಮಗೇನ್ ಬೇಕ್ರಿ?"

ಅವನು ಬಾಗಿಲ ಸಂದಿಯಿಂದ ಬಿದ್ದ ಬಿಸಿಲನ್ನು ನೋಡಿದ.

"ಬಿಸಲಾಗ ಅಡ್ಡಾಡಬೇಕು... ನೀ ಸಂಗಟ ಬಂದ್ರ."

ಹಿತ್ತಲ ದಾರಿಯಿಂದ ಇಬ್ಬರೂ ಊರ ಹೊರಗೆ ನಡೆಯತೊಡಗಿದರು. ಮೊದಮೊದಲು ಬೇವಿನ ಮರದವರೆಗೆ ಹೋಗುವಷ್ಟರಲ್ಲೇ ಅವನಿಗೆ ಏದುಸಿರು. ಬರಬರುತ್ತ ಹೊಳೆ ದಂಡೆಯವರೆಗೂ ಹೋದರು. ಬಿಸಿ ರೊಟ್ಟಿ, ಪುಂಡಿಪಲ್ಲೆಗೆ ನಾಲಿಗೆ ಮರಳಿ ಒಗ್ಗಿತು. ಸಿಂದಿ ದಿನಕ್ಕಿಷ್ಟು ಇಳಿದು ಕಡೆಗೆ ನಿಂತಿತು. ನಿದ್ದೆ ಬಂತು. ಬೀಡಿ ಮಾತ್ರ ಬಿಡಲಾಗಲಿಲ್ಲ. ಅವಳೂ ಕಾಡಲಿಲ್ಲ.

ಒಂದು ಮುಂಜಾನೆ ಅವನು ಓಣಿಗೆ ತೆರೆಯುವ ತಲೆಬಾಗಿಲ ಕಡೆ ತಿರುಗಿದ.

"ಹಿತ್ತಲ ದಾರಿ ಯಾಕ ಸೂಗಿ? ನಾ ಏನ್ ಕಳ್ಳೇನು?"

'ಬೇಡ' ಎನ್ನದೆ ಅವಳು ಅವನ ಚಪ್ಪಲಿ ತಂದಿಟ್ಟಳು. ಎಷ್ಟು ನೆಟ್ಟಗೆ ನಿಂತಿದ್ದ ಅವನು!

ಪಡಸಾಲೆಯಲ್ಲಿ ಬೀಗರು ಕುಳಿತಿದ್ದರು. ಗುರುಲಿಂಗಪ್ಪ ನಗುತ್ತ ಕೈಮುಗಿದ. "ಶರಣ್ರೀ."

ಅವರಲ್ಲೊಬ್ಬ ಪಿಸುಗುಟ್ಟಿದ, "ಮಂದಿ ಅಂತಿದ್ದ ಆ ಹುಚ್ಚ ತಮ್ಮ ಇವನೇ ಏನು?"

ಸಂಜೆಯೊಳಗೆ ಲಗ್ನ ಮುರಿಯಿತು. ಒಳಗೆ ಮಾಣಿಕಪ್ಪನ ಮಗಳು ಬಿಕ್ಕುತ್ತಿದ್ದಳು. ಹೊರಗೆ ಮಾಣಿಕಪ್ಪ ಸೂಗಮ್ಮ, ಗುರುಲಿಂಗಪ್ಪರ ಗಂಟು ಎಸೆದ. "ನಡೀರಿ ಇಲ್ಲಿಂದ!" ಎದುರಾಡಬೇಕೆಂದಿದ್ದ ಸೂಗಮ್ಮ ಆ ಹುಡುಗಿಯ ಅಳು ಕೇಳಿ ಗಂಟು ಎತ್ತಿಕೊಂಡಳು.

ಕೂಲಿ ಹುಡುಕಿಕೊಂಡು ಇಬ್ಬರೂ ಶಹಾಬಾದಿಗೆ ಬಂದರು. ಅಲ್ಲಿ ಅವನು 'ಹುಚ್ಚ' ಎಂದು ತಿಳಿದ ಮೇಲೆ ಯಾರೂ ಮನೆ ಕೊಡಲಿಲ್ಲ. ಕೊನೆಗೆ ಜೈತುನ್‌ಬೀ ಎಂಬ ಮುದುಕಿ ತನ್ನ ಮನೆಯ ಒಂದು ಮೂಲೆ ಬಿಟ್ಟುಕೊಟ್ಟಳು. ಗಂಡ ಹೆಂಡತಿ ಇಬ್ಬರೂ ಕಲ್ಲಿನ ಖಣಿಗೆ ಕೆಲಸಕ್ಕೆ ಹೋದರು.

ಆದರೆ ಮಳೆಗಾಲ ಮುಗಿಯುವ ಮೊದಲೇ ಅವನ ಕಿವಿಯಲ್ಲಿ ಆ ಹಳೆಯ ದನಿಗಳು ಮರಳಿದವು. ಕೆಲಸ ಬಿಟ್ಟ. ಊಟ ಬಿಟ್ಟ. ಗೋಡೆಗೆ ಮುಖ ಮಾಡಿ ಮಲಗಿದ.

"ತೆಂಗಳಿಗಿ ಹೋಗು ಸೂಗಿ. ನಾ ಪೂರಾ ಆರಾಮ ಆಗಂಗಿಲ್ಲ."

"ಗೊತ್ತದರಿ."

"ಗೊತ್ತಿದ್ದೂ ಇರ್ತಿ?"

"ಆರಾಮ ಆದ್ರ ಅಷ್ಟೇ ಇರ್ತೀನಿ ಅಂತ ನಾ ಯಾವಾಗ ಹೇಳೀನ್ರಿ?"

ಅವನು ತಿರುಗದೆಯೇ ಹೇಳಿದ, "ಚಿತ್ತಾಪುರದ ಆ ಕೋಣ್ಯಾಗ ದಿನಾ ನಿನ್ನ ಬೈತಿದ್ದೆ... ಬೈಲಿಕ್ಕಾದ್ರೂ ನಿನ್ನ ಹೆಸರು ಬಾಯಾಗ ಇರ್ಲಿ ಅಂತ."

ಸೂಗಮ್ಮ ಅವನ ಬೆನ್ನಿಗೆ ಹಣೆ ಒತ್ತಿದಳು. ಕಣ್ಣೀರು ಅವನ ಅಂಗಿಯಲ್ಲಿ ಇಳಿಯಿತು.

"ಈಗೂ ಬೈರಿ... ನಾ ಇಲ್ಲೇ ಇದ್ದೀನಲ್ಲ."

"ಈಗ ಬ್ಯಾಡ." ಅವನು ನಿಧಾನವಾಗಿ ಅವಳ ಕಡೆ ಹೊರಳಿದ. "ಹಸಿವ್ಯಾಗ್ಯಾದ, ಸೂಗಿ."